ಹೊಸ ಲೆದರ್ ಜಾಕೆಟ್ ಮೈಗೆ ಒಗ್ಗೋದು ಹೇಗೆ? ಬಿಸಿನೀರು, ಬಿಸಿಲು, ಕೊಬ್ಬರಿ ಎಣ್ಣೆಯ ಸತ್ಯಾಸತ್ಯ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಅರಸೀಕೆರೆಯಿಂದ ಮಾತಾಡ್ತಾ ಇದ್ದೇನೆ. ಹೊಸದಾಗಿ ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಇರೋ ಅರಸೀಕೆರೆ ಅಲ್ಲ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಜಿಲ್ಲೆ ಯಾವುದು ಅಂತ ಕೇಳಿದರೆ ನಮ್ಮೂರಿನ ಹಿರಿಯರು ಒಂದು ಕ್ಷಣ ಯೋಚನೆ ಮಾಡ್ತಾರೆ. ಬಳ್ಳಾರಿ ಆಗಿತ್ತು, 1997ರಲ್ಲಿ ದಾವಣಗೆರೆ ಆಯ್ತು, ಮತ್ತೆ ಬಳ್ಳಾರಿ ಆಯ್ತು, 2021ರಿಂದ ವಿಜಯನಗರ. ಜಿಲ್ಲೆ ಬದಲಾದರೂ ನಮ್ಮ ಬಿಸಿಲು ಮಾತ್ರ ಬದಲಾಗಿಲ್ಲ.

ಇಷ್ಟು ಬಿಸಿಲಿನ ಊರಲ್ಲಿ ಕೂತು ಲೆದರ್ ಜಾಕೆಟ್ ಬಗ್ಗೆ ಯಾಕೆ ಮಾತಾಡ್ತಿದ್ದಾನೆ ಅಂತ ನಿಮಗೆ ಅನಿಸಬಹುದು. ಕಾರಣ ಒಂದು ಧ್ವನಿ ಸಂದೇಶ. ಹರಪನಹಳ್ಳಿ ಕಡೆಯ ಕೇಳುಗರೊಬ್ಬರು ಕಳಿಸಿದ್ದು. ಅವರು ದಾವಣಗೆರೆಯಲ್ಲಿ ಕೆಲಸ ಮಾಡ್ತಾರೆ, ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲೇ ಊರಿಗೆ ಬರ್ತಾರೆ. ಡಿಸೆಂಬರ್, ಜನವರಿಯಲ್ಲಿ ಬಯಲು ಸೀಮೆಯ ಆ ರಾತ್ರಿ ಗಾಳಿ ಹೇಗಿರುತ್ತೆ ಅನ್ನೋದು ಬೈಕ್ ಓಡಿಸಿದವರಿಗೇ ಗೊತ್ತು. ಈ ಸಲದ ದೀಪಾವಳಿ ಬೋನಸ್ಸಿನಲ್ಲಿ ಒಂದು ಲೆದರ್ ಜಾಕೆಟ್ ತಗೊಂಡಿದ್ದಾರೆ. ಅವರ ಮಾತಲ್ಲೇ ಹೇಳೋದಾದ್ರೆ, "ಹಾಕ್ಕೊಂಡ್ರೆ ಹಲಗೆ ಕಟ್ಕೊಂಡಂಗ ಐತ್ರಿ, ಮೊಣಕೈ ಬಗ್ಗಂಗಿಲ್ಲ."

ಇದನ್ನ ಮೆತ್ತಗೆ ಮಾಡೋಕೆ ಅವರಿಗೆ ಮೂರು ಸಲಹೆ ಸಿಕ್ಕಿವೆ. ಗೆಳೆಯ ಹೇಳಿದ್ದು: ಬಿಸಿನೀರಲ್ಲಿ ಅದ್ದಿ, ಹಸಿಯಾಗಿದ್ದಾಗಲೇ ಹಾಕ್ಕೊಂಡು ಮೈಮೇಲೇ ಒಣಗಿಸು. ರೀಲ್ಸ್‌ನಲ್ಲಿ ನೋಡಿದ್ದು: ತಾರಸಿ ಮೇಲೆ ಬಿಸಿಲಿಗೆ ಹರವು. ಮನೇಲಿ ಅಮ್ಮ ಹೇಳಿದ್ದು: ಕೊಬ್ಬರಿ ಎಣ್ಣೆ ಹಚ್ಚು. ಮೂರರಲ್ಲಿ ಯಾವುದು ಸರಿ ಅನ್ನೋದು ಅವರ ಪ್ರಶ್ನೆ.

ಚಿಕ್ಕ ಉತ್ತರ: ಮೂರೂ ಬೇಡ. ಆದರೆ ಅಮ್ಮನ ಮಾತಿನಲ್ಲಿ ಒಂದು ಹಳೆಯ ತಿಳಿವಳಿಕೆ ಇದೆ, ಅದು ಬೇರೆ ವಸ್ತುವಿಗೆ ಸರಿಹೋಗುವಂಥದ್ದು. ಇದು ಅರ್ಥವಾಗಬೇಕಾದರೆ ತೊಗಲು ಅಂದ್ರೆ ಏನು, ಅದನ್ನ ಹದ ಮಾಡೋದು ಅಂದ್ರೆ ಏನು ಅಂತ ಸ್ವಲ್ಪ ನೋಡಬೇಕು.

ಮೊದಲನೇ ಕೆಲಸ: ಇದು ತೊಗಲೇ ಹೌದಾ?

ಎಣ್ಣೆ, ನೀರು ಎಲ್ಲಕ್ಕೂ ಮೊದಲು ಜಾಕೆಟ್ಟನ್ನ ಒಳಗೆ ಹೊರಗೆ ತಿರುವಿ ನೋಡಿ. ಮಾರುಕಟ್ಟೆಯಲ್ಲಿ ಲೆದರ್ ಅಂತ ಸಿಗೋದರಲ್ಲಿ ಬಹಳಷ್ಟು ರೆಗ್ಜಿನ್ ಜಾತಿಯದ್ದು. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಬಳಿದಿರ್ತಾರೆ. ಲೇಬಲ್ ಮೇಲೆ ಪಿ.ಯು. ಅಂತಲೋ, ಪಾಲಿಯುರೆಥೇನ್ ಅಂತಲೋ, ಫಾಕ್ಸ್ ಲೆದರ್ ಅಂತಲೋ ಇದ್ರೆ ಅದು ತೊಗಲಲ್ಲ. ಬಾಂಡೆಡ್ ಲೆದರ್ ಅಂತ ಇದ್ರೆ ತೊಗಲಿನ ಚೂರುಪುಡಿಯನ್ನ ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು.

ಲೇಬಲ್ ಇಲ್ಲದಿದ್ದರೆ ಹೊಲಿಗೆ ಮುಗಿಯುವ ಅಂಚು, ಜೇಬಿನ ಒಳಗಿನ ತುದಿ ನೋಡಿ. ತೊಗಲಾದರೆ ಕತ್ತರಿಸಿದ ಅಂಚಿನಲ್ಲಿ ಎಳೆ ಎಳೆಯಾದ ನಾರು ಕಾಣುತ್ತೆ, ಹಿಂಬದಿ ಒರಟಾಗಿ, ಸಣ್ಣ ಜುಂಗಿನ ಹಾಗಿರುತ್ತೆ. ರೆಗ್ಜಿನ್ ಆದರೆ ಹಿಂದೆ ನೇಯ್ದ ಬಟ್ಟೆ ಕಾಣುತ್ತೆ. ಮೇಲ್ಮೈ ಕೂಡ ಗಮನಿಸಿ. ಪ್ರಾಣಿಯ ಚರ್ಮದ ರಂಧ್ರಗಳು ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಇರಲ್ಲ. ಎಲ್ಲ ಕಡೆ ಅಚ್ಚು ಹೊಡೆದಂಗೆ ಒಂದೇ ಥರ ಇದ್ರೆ ಅನುಮಾನ ಪಡಿ.

ಇದು ಯಾಕೆ ಮುಖ್ಯ ಅಂದ್ರೆ, ರೆಗ್ಜಿನ್ ಮೈಗೆ ಒಗ್ಗಲ್ಲ. ಅದರಲ್ಲಿ ಸಡಿಲಗೊಳ್ಳೋಕೆ ನಾರೇ ಇಲ್ಲ. ಎಣ್ಣೆ ಹಚ್ಚಿದರೆ ಜಿಗುಟಾಗುತ್ತೆ, ಕೆಲವು ವರ್ಷದಲ್ಲಿ ತೇವಕ್ಕೂ ಶಾಖಕ್ಕೂ ಪದರ ಪದರವಾಗಿ ಕಿತ್ತು ಬರುತ್ತೆ. ಅದು ಅದರ ಗುಣ. ನೀವು ಏನೂ ಮಾಡಬೇಕಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ತೂಗುಹಾಕಿದರೆ ಸಾಕು.

ಒಂದೇ ತೊಗಲು, ಮೂರು ಹಾದಿ

ಈಗ ಅಸಲಿ ತೊಗಲು ಅಂತ ಗೊತ್ತಾಯ್ತು ಅಂದುಕೊಳ್ಳಿ. ಪ್ರಾಣಿಯ ಚರ್ಮ ಅಂದ್ರೆ ಕೊಲಾಜೆನ್ ಅನ್ನೋ ಪ್ರೋಟೀನಿನ ನಾರುಗಳು ಒಂದಕ್ಕೊಂದು ಹೆಣೆದುಕೊಂಡ ಜಾಲ. ಕಂಬಳಿಯ ಹಾಗೆ ಉದ್ದಕ್ಕೆ ಅಡ್ಡಕ್ಕೆ ನೇಯ್ದಿದ್ದಲ್ಲ, ಎಲ್ಲ ದಿಕ್ಕಿಗೂ ಹಬ್ಬಿ ತೊಡಕಿಕೊಂಡ ಜಾಲ. ಹಸಿ ಚರ್ಮವನ್ನ ಹಾಗೇ ಬಿಟ್ಟರೆ ಕೊಳೆಯುತ್ತೆ, ಒಣಗಿಸಿದರೆ ಸೆಟೆದು ಗಟ್ಟಿಯಾಗುತ್ತೆ. ಅದನ್ನ ಏನು ಮಾಡ್ತೀವಿ ಅನ್ನೋದರ ಮೇಲೆ ಮುಂದಿನ ಗುಣವೆಲ್ಲ ನಿಂತಿದೆ. ನಮ್ಮ ಸುತ್ತಲೇ ಮೂರೂ ಬಗೆ ನೋಡಬಹುದು.

ಮೊದಲನೆಯದು, ಹದ ಮಾಡದ ತೊಗಲು. ಹಲಗೆ, ಡೊಳ್ಳಿನ ಮೇಲೆ ಕಟ್ಟೋದು ಇದನ್ನೇ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ಊರೂರು, ದೇಶ ದೇಶ ಸುತ್ತಿ ಆಡಿಸಿದ ತೊಗಲು ಗೊಂಬೆಗಳೂ ಇದೇ ಬಗೆ. ಕೂದಲು ತೆಗೆದು, ಕೆರೆದು, ಎಳೆದು ಕಟ್ಟಿ ಒಣಗಿಸಿದ ಚರ್ಮ. ದೀಪದ ಬೆಳಕು ಅದರ ಮೂಲಕ ಹಾಯುತ್ತೆ, ಅದಕ್ಕೇ ಪರದೆ ಮೇಲೆ ಬಣ್ಣ ಕಾಣೋದು.

ಎರಡನೆಯದು, ತೊಗಟೆಯ ಹದ. ಚರ್ಮವನ್ನ ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಸಡಿಲ ಮಾಡಿ ತೆಗೀತಾರೆ. ಆಮೇಲೆ ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಯಂಥವುಗಳ ಒಗರು ನೀರಲ್ಲಿ ದಿನಗಟ್ಟಲೆ, ವಾರಗಟ್ಟಲೆ ಇಡ್ತಾರೆ. ತಂಗಡಿ ಅಂದ್ರೆ ನಮ್ಮ ಬಯಲಲ್ಲಿ ಹಳದಿ ಹೂ ಬಿಡೋ ಗಿಡ, ಕೆಲವು ಕಡೆ ಆವರಿಕೆ ಅಂತಾರೆ. ತೊಗಟೆಯಲ್ಲಿರೋ ಟ್ಯಾನಿನ್, ಅಂದರೆ ಎಳೆ ಅಡಿಕೆ ಜಗಿದಾಗ ಬಾಯಿ ಹಿಡಿದಂತಾಗುತ್ತಲ್ಲ, ಆ ಒಗರಿನ ಅಂಶ, ನಾರುಗಳ ನಡುವೆ ಸೇರಿ ಅವನ್ನ ಕಟ್ಟಿಹಾಕುತ್ತೆ. ಆಮೇಲೆ ಚರ್ಮ ಕೊಳೆಯಲ್ಲ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ, ಹಿಂದೆ ಕಪಿಲೆ ಹೊಡೆಯುವಾಗ ಬಾವಿಯಿಂದ ನೀರೆತ್ತುತ್ತಿದ್ದ ತೊಗಲಿನ ಚೀಲ, ಎಲ್ಲ ಈ ಹದದ್ದು.

ಮೂರನೆಯದು, ಕ್ರೋಮ್ ಹದ. ತೊಗಟೆಯ ಬದಲು ಕ್ರೋಮಿಯಂ ಲವಣ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬೆಳೆದ ವಿಧಾನ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳೀತು. 20ನೇ ಶತಮಾನದ ಆರಂಭದಲ್ಲಿ ಇದನ್ನ ಮದ್ರಾಸಿನಲ್ಲಿ ಬೆಳೆಸಿದವರಲ್ಲಿ ಮುಖ್ಯರು ಆಲ್ಫ್ರೆಡ್ ಚಾಟರ್ಟನ್. ಅದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಇಲಾಖೆ ನಡೆಸಿದರು. ಇವತ್ತಿನ ಜಾಕೆಟ್ಟುಗಳಲ್ಲಿ ಬಹುಪಾಲು ಕ್ರೋಮ್ ಹದದ ತೊಗಲು. ಹದವಾದ ಮೇಲೆ ಕಾರ್ಖಾನೆಯಲ್ಲೇ ಡ್ರಮ್ಮಿನಲ್ಲಿ ತಿರುಗಿಸಿ ನಾರಿನ ಒಳಗೆ ಎಣ್ಣೆ ಇಳಿಸಿರ್ತಾರೆ. ಆಮೇಲೆ ಮೇಲ್ಮೈಗೆ ಬಣ್ಣ, ತೆಳ್ಳನೆಯ ರಕ್ಷಣಾ ಪದರ.

ಈ ಕೊನೆಯ ಎರಡು ಮಾತು ನೆನಪಿಡಿ. ಒಳಗೆ ಎಣ್ಣೆ ಆಗಲೇ ಇದೆ. ಹೊರಗೆ ಒಂದು ಪದರ ಇದೆ. ಹೊಸ ಜಾಕೆಟ್ ಬಿಗಿಯಾಗಿರೋದು ಎಣ್ಣೆ ಕಡಿಮೆ ಅಂತಲ್ಲ. ನಾರುಗಳು ಇನ್ನೂ ಒಂದರ ಮೇಲೊಂದು ಜಾರೋದನ್ನ ಕಲಿತಿಲ್ಲ, ಮೇಲಿನ ಪದರ ಇನ್ನೂ ಮಡಚಿಕೊಂಡಿಲ್ಲ, ಅಷ್ಟೇ. ಅದಕ್ಕೆ ಬೇಕಾಗಿರೋದು ಚಲನೆ.

ಬಿಸಿನೀರು ಯಾಕೆ ಬೇಡ

ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಹಲಗೆ ಬಾರಿಸೋರನ್ನ ನೋಡಿದ್ದೀರಲ್ವಾ? ಬಾರಿಸೋಕೆ ಮೊದಲು ಕಾಗದ, ಹುಲ್ಲು ಉರಿಸಿ ಹಲಗೆಯನ್ನ ಬೆಂಕಿಗೆ ಹಿಡೀತಾರೆ. ಶಾಖಕ್ಕೆ ತೇವ ಆರಿ ತೊಗಲು ಬಿಗಿಯಾಗುತ್ತೆ, ನಾದ ಟಣ್ ಅಂತ ಬರುತ್ತೆ. ಹಲಗೆ ಬಿಗಿ ಮಾಡೋಕೆ ಬೆಂಕಿ ಹಿಡೀಬೇಕು ಅಂತ ಗೊತ್ತಿರೋ ಊರಿನೋರು ಜಾಕೆಟ್ ಮೆತ್ತಗೆ ಮಾಡೋಕೆ ಬಿಸಿ ಕೊಡು ಅನ್ನಬಾರದು.

ಇದರ ಹಿಂದಿನ ವಿಜ್ಞಾನ ಹೀಗೆ. ಒದ್ದೆಯಾದ ಕೊಲಾಜೆನ್ ಒಂದು ಮಟ್ಟದ ಶಾಖ ದಾಟಿದರೆ ದಿಢೀರ್ ಅಂತ ಕುಗ್ಗುತ್ತೆ, ಮತ್ತೆ ಹಿಗ್ಗಲ್ಲ. ಹದ ಮಾಡದ ಚರ್ಮಕ್ಕೆ ಆ ಮಟ್ಟ ಸುಮಾರು 60ರಿಂದ 65 ಡಿಗ್ರಿ. ತೊಗಟೆ ಹದದ ತೊಗಲಿಗೆ ಸುಮಾರು 70ರಿಂದ 85. ಕ್ರೋಮ್ ಹದದ್ದು ಹೆಚ್ಚು ತಡೆಯುತ್ತೆ, 100ರ ಆಸುಪಾಸು. ಹಾಗಾದ್ರೆ ಕ್ರೋಮ್ ಜಾಕೆಟ್ಟಿಗೆ ಬಿಸಿನೀರು ಆಗುತ್ತಲ್ಲ ಅಂತ ಕೇಳಬಹುದು. ಕುಗ್ಗದೇ ಇರಬಹುದು, ಆದರೆ ಬೇರೆ ತೊಂದರೆ ಇದೆ. ಬಿಸಿನೀರು ಒಳಗಿನ ಎಣ್ಣೆಯನ್ನ ಸಡಿಲಿಸಿ ಹೊರಗೆ ತರುತ್ತೆ. ನೀರು ಆರುವಾಗ ಎಣ್ಣೆ ಕಳೆದುಕೊಂಡ ನಾರುಗಳು ಒಂದಕ್ಕೊಂದು ಅಂಟಿಕೊಳ್ತವೆ. ಫಲ ಏನು? ಮೊದಲಿಗಿಂತ ಗಟ್ಟಿ. ಒಳಗಿನ ಅಸ್ತರು ಬಟ್ಟೆ ಒಂದು ಪ್ರಮಾಣದಲ್ಲಿ ಕುಗ್ಗುತ್ತೆ, ತೊಗಲು ಇನ್ನೊಂದು ಪ್ರಮಾಣದಲ್ಲಿ. ಹೊಲಿಗೆ ಸುಕ್ಕುಗಟ್ಟುತ್ತೆ. ಬಣ್ಣ ಬಿಡಬಹುದು.

ಮಳೆಯಲ್ಲಿ ನೆನೆದ ಶೂ ಒಣಗಿದ ಮೇಲೆ ಹಪ್ಪಳದಂಗೆ ಆಗಿರುತ್ತಲ್ಲ, ಅದೇ ಕಥೆ. ಹಸಿ ಜಾಕೆಟ್ ಹಾಕ್ಕೊಂಡು ಜನವರಿ ರಾತ್ರಿ ಬೈಕ್ ಓಡಿಸಿದರೆ ಜಾಕೆಟ್ಟಿನ ಜೊತೆ ಮೈಯೂ ಕೆಡುತ್ತೆ.

ತಾರಸಿ ಬಿಸಿಲು

ನಮ್ಮ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ. ತಾರಸಿಯ ಮೇಲೆ ಹರವಿದ ಕಪ್ಪು ಜಾಕೆಟ್ಟಿನ ಮೇಲ್ಮೈ 60 ದಾಟೋದು ಸುಲಭ. ಒಣ ತೊಗಲು ಅಷ್ಟಕ್ಕೆ ಕುಗ್ಗಲ್ಲ, ಆದರೆ ಒಳಗಿರೋ ಸಹಜ ತೇವ ಆರುತ್ತೆ. ತೊಗಲು ಮೆತ್ತಗಿರೋಕೆ ಎಣ್ಣೆಯಷ್ಟೇ ಈ ತೇವವೂ ಬೇಕು. ಜೊತೆಗೆ ಬಣ್ಣ ಮಾಸುತ್ತೆ, ಮೇಲಿನ ಪದರ ಬಿರುಕು ಬಿಡುತ್ತೆ. ಬೈಕಿನ ಟ್ಯಾಂಕ್ ಮೇಲೆ ಮಡಚಿಟ್ಟು ಬಿಸಿಲಲ್ಲಿ ನಿಲ್ಲಿಸೋದು, ಹೇರ್ ಡ್ರೈಯರ್ ಹಿಡಿಯೋದು, ಇಸ್ತ್ರಿ ಪೆಟ್ಟಿಗೆ ಒತ್ತೋದು, ಎಲ್ಲ ಇದೇ ಸಾಲಿಗೆ ಸೇರಿದ್ದು.

ಅಮ್ಮನ ಎಣ್ಣೆ

ಈಗ ಎಣ್ಣೆಯ ವಿಷಯ. ಕನ್ನಡದಲ್ಲಿ ಹೊಸ ಚಪ್ಪಲಿ "ಕಚ್ಚುತ್ತೆ" ಅಂತೀವಿ. ಕಚ್ಚದಿರಲಿ ಅಂತ ಉಂಗುಟಕ್ಕೆ, ಬಾರಿಗೆ ಎಣ್ಣೆ ಸವರಿ ರಾತ್ರಿಯೆಲ್ಲ ಇಡೋದು ಹಳೇ ಪದ್ಧತಿ. ಅದು ಸರಿಯಾದ ಪದ್ಧತಿಯೇ. ಯಾಕಂದ್ರೆ ಆ ಚಪ್ಪಲಿ ತೊಗಟೆ ಹದದ್ದು, ದಪ್ಪ ತೊಗಲು, ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಇಲ್ಲ. ಎಣ್ಣೆ ನೇರವಾಗಿ ನಾರಿಗೆ ಇಳಿಯುತ್ತೆ.

ಈ ಸಂಚಿಕೆಗಾಗಿ ಹರಪನಹಳ್ಳಿಯಲ್ಲಿ ಚಪ್ಪಲಿ ಹೊಲಿಯೋ ಹಿರಿಯರೊಬ್ಬರ ಹತ್ತಿರ ಕೂತು ಮಾತಾಡಿದೆ. ಹೆಸರು ಹೇಳೋದು ಬೇಡ ಅಂದ್ರು. "ಅಜ್ಜಾರೇ, ಯಾವ ಎಣ್ಣೆ ಒಳ್ಳೇದು?" ಅಂದೆ. "ಹರಳೆಣ್ಣಿ ಹಚ್ಚೋ ತಮ್ಮಾ, ಆದ್ರ ಬೆರಳ ತುದಿ ತುಸು. ತೊಗಲಿಗೂ ಹೊಟ್ಟಿ ಐತಿ, ಜಾಸ್ತಿ ಉಣಿಸಿದ್ರ ಅಜೀರ್ಣ ಆಗತೈತಿ" ಅಂದ್ರು. ಜಾಕೆಟ್ಟಿನ ಫೋಟೋ ತೋರಿಸಿದೆ. ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಇದು ಮಷಿನ್ ಹದದ್ದು, ಇದಕ್ಕ ಎಣ್ಣಿ ಯಾಕ? ಹಾಕ್ಕೊಂಡು ಅಡ್ಡಾಡಂತ ಹೇಳು. ತೊಗಲು ಮೈ ಕಲೀಬೇಕು, ಅದಕ್ಕ ದಿನ ಹಿಡೀತಾವ" ಅಂದ್ರು. ನಾನು ಪುಸ್ತಕ, ಲೇಖನ ತಿರುವಿ ಕಲೆಹಾಕಿದ್ದನ್ನೆಲ್ಲ ಅವರು ಮೂರು ವಾಕ್ಯದಲ್ಲಿ ಮುಗಿಸಿದರು.

ಅಡುಗೆಮನೆಯ ಎಣ್ಣೆಗಳ ಗುಣ ಒಂದೊಂದಾಗಿ ನೋಡೋಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ನೋಡಿರ್ತೀರಿ. ಹೆಚ್ಚು ಹಚ್ಚಿದ ಜಾಕೆಟ್ಟಿನ ಮೇಲೂ ಬಿಳಿಚು ಪದರ ಕಾಣಿಸಬಹುದು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗೋ ಜಾತಿ, ಅದಕ್ಕೇ ಅದನ್ನ ಪೇಂಟಿಗೆ ಬಳಸ್ತಾರೆ. ತೊಗಲಿಗೆ ಬೇಡವೇ ಬೇಡ. ಕುಸುಬಿ, ಸೂರ್ಯಕಾಂತಿ ಎಣ್ಣೆಗಳೂ ಕಾಲ ಕಳೆದಂತೆ ಅಂಟಂಟಾಗ್ತವೆ. ಹರಳೆಣ್ಣೆ ಹಾಗೆ ಒಣಗಲ್ಲ, ಅದಕ್ಕೇ ಚಪ್ಪಲಿಗೆ ಒಳ್ಳೇದು. ಆದರೆ ಜಾಕೆಟ್ಟಿನ ಮೇಲಿನ ಪದರವನ್ನ ದಾಟಿ ಅದು ಸುಲಭವಾಗಿ ಇಳಿಯಲ್ಲ. ಮೇಲೇ ಕೂತು ಧೂಳು ಹಿಡಿಯುತ್ತೆ, ಅಂಗಿಗೆ ಕಲೆ ಮಾಡುತ್ತೆ. ಇಳಿದ ಕಡೆ ಬಣ್ಣ ಕಪ್ಪಾಗುತ್ತೆ. ಶೂ ಪಾಲಿಶ್ ಕೂಡ ಬೇಡ. ಅದರಲ್ಲಿರೋ ಮೇಣ ಮತ್ತು ಬಣ್ಣ ಕಾಲರಿನಿಂದ ಕುತ್ತಿಗೆಗೆ, ತೋಳಿನಿಂದ ಅಂಗಿಗೆ ಬರುತ್ತೆ.

ಹಾಗಾದ್ರೆ ಮಾಡೋದೇನು?

ಸುಮಾರು ಎರಡು ವಾರದ ಕೆಲಸ. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮೊದಲ ದಿನ, ಟ್ಯಾಗ್ ಕೀಳದೆ ಅಳತೆ ಪರೀಕ್ಷೆ ಮಾಡಿ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ಬರಬೇಕು. ಎರಡು ಕೈ ಮುಂದೆ ಚಾಚಿ, ಬೈಕ್ ಹ್ಯಾಂಡಲ್ ಹಿಡಿದ ಹಾಗೆ. ಬೆನ್ನಲ್ಲಿ ಸ್ವಲ್ಪ ಬಿಗಿ ಅನಿಸಿದರೆ ಚಿಂತೆ ಇಲ್ಲ, ಅದು ಬಿಡುತ್ತೆ. ತೋಳಿನ ಬಿಗಿ ಕೂಡ ಸ್ವಲ್ಪ ಬಿಡುತ್ತೆ. ಆದರೆ ಭುಜವೇ ಚಿಕ್ಕದಿದ್ದರೆ, ಜಿಪ್ ಹಾಕಿ ಉಸಿರಾಡೋಕೆ ಆಗದಿದ್ದರೆ ಅದು ಯಾವ ಉಪಾಯಕ್ಕೂ ಸರಿಹೋಗಲ್ಲ. ಬದಲಾಯಿಸಿಕೊಳ್ಳಿ. ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿದ ಮೇಲೆ ಯಾವ ಅಂಗಡಿಯವರೂ ವಾಪಸ್ ತಗೊಳ್ಳಲ್ಲ. ಹಾಗಾಗಿ ಈ ಪರೀಕ್ಷೆ ಮೊದಲು, ಉಳಿದದ್ದೆಲ್ಲ ಆಮೇಲೆ.

ಎರಡನೇ ದಿನದಿಂದ ದಿನಕ್ಕೆ ಒಂದು ಗಂಟೆ ಮನೆಯಲ್ಲೇ ಹಾಕ್ಕೊಳ್ಳಿ. ಒಳಗೆ ತೆಳ್ಳನೆಯ ಹತ್ತಿ ಅಂಗಿ ಇರಲಿ. ಸಂಜೆ ತಂಪಾದ ಮೇಲೆ ಮಾಡಿ, ಬೆವರು ಸುರಿಯೋ ಹೊತ್ತಲ್ಲಿ ಬೇಡ. ಮೈಶಾಖ, ಮೈಯ ತುಸು ತೇವ, ಇವೆರಡೇ ನಾರುಗಳನ್ನ ಸಡಿಲ ಮಾಡೋ ಔಷಧ. ಸುಮ್ಮನೆ ನಿಲ್ಲಬೇಡಿ. ಮೊಣಕೈ ಇಪ್ಪತ್ತು ಸಲ ಮಡಚಿ ಬಿಚ್ಚಿ. ಕೈ ಮೇಲೆತ್ತಿ ಅಟ್ಟದ ಮೇಲಿನ ಡಬ್ಬ ತೆಗೆಯೋ ಥರ ಮಾಡಿ. ಎದೆಗೆ ಕೈಕಟ್ಟಿ ನಿಮ್ಮ ಬೆನ್ನನ್ನ ನೀವೇ ತಬ್ಬಿಕೊಳ್ಳಿ. ನಿಲ್ಲಿಸಿದ ಬೈಕ್ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಮನೆಯವರು ನಗ್ತಾರೆ, ನಗಲಿ. ಎಲ್ಲಿ ನಿಮ್ಮ ಮೊಣಕೈ ಮಡಚುತ್ತೋ ಅಲ್ಲೇ ಗೆರೆ ಬೀಳಬೇಕು. ಆ ಗೆರೆ ಒಂದು ಸಲ ಬಿದ್ದರೆ ಜಾಕೆಟ್ ನಿಮ್ಮದು.

ತೋಳು ತುಂಬಾ ಸೆಟೆದಿದ್ದರೆ ಜಾಕೆಟ್ಟನ್ನ ಹಾಸಿಗೆ ಮೇಲೆ ಹರವಿ, ತೋಳಿನ ಒಳಗೆ ಒಂದು ಟವೆಲ್ ತುರುಕಿ, ಮಣಿಕಟ್ಟಿನಿಂದ ಭುಜದ ಕಡೆಗೆ ಚಾಪೆ ಸುತ್ತಿದಂಗೆ ಮೆಲ್ಲಗೆ ಸುತ್ತಿ, ಬಿಚ್ಚಿ. ನಾಲ್ಕೈದು ಸಲ ಸಾಕು. ಬಟ್ಟೆ ಹಿಂಡಿದಂಗೆ ಹಿಂಡಬೇಡಿ, ಮೇಲಿನ ಪದರ ಬಿರಿಯುತ್ತೆ. ಉಪ್ಪು ಕಾಗದ ಉಜ್ಜೋದು, ವಾಷಿಂಗ್ ಮಷಿನ್ನಿಗೆ ಹಾಕೋದು, ಗಾಡಿ ಚಕ್ರದ ಕೆಳಗೆ ಇಟ್ಟು ಹತ್ತಿಸೋದು, ಇಂಥ ವಿಡಿಯೋಗಳನ್ನ ನೋಡಿ ನಕ್ಕು ಮುಂದೆ ಹೋಗಿ.

ಒಂದು ವಾರ ಕಳೆದ ಮೇಲೂ ಒಣ ಒಣ ಅನಿಸಿದರೆ ಮಾತ್ರ ಲೆದರ್ ಕಂಡೀಷನರ್ ಬಳಸಿ. ಒಳಗಡೆ, ಕಾಣದ ಜಾಗದಲ್ಲಿ ಮೊದಲು ಒಂದು ಚುಕ್ಕೆ ಹಚ್ಚಿ ಒಂದು ದಿನ ಬಿಡಿ. ಬಣ್ಣ ಬದಲಾಗದಿದ್ದರೆ ಕಡಲೆ ಕಾಳಿನಷ್ಟು ಕ್ರೀಮನ್ನ ಮೆತ್ತನೆಯ ಬಟ್ಟೆಗೆ ತಗೊಂಡು ಮೊಣಕೈ, ಭುಜ, ಬೆನ್ನಿನ ಮೇಲ್ಭಾಗಕ್ಕೆ ತೆಳ್ಳಗೆ ಸವರಿ. ಸ್ವೇಡ್, ಅಂದರೆ ಮೇಲೆ ಜುಂಗು ಜುಂಗಾಗಿರೋ ತೊಗಲಾದರೆ ಇದನ್ನೂ ಮಾಡಬೇಡಿ. ಜಿಪ್ ಬಿಗಿ ಇದ್ದರೆ ಮೇಣದ ಬತ್ತಿಯನ್ನ ಹಲ್ಲುಗಳ ಮೇಲೆ ಎರಡು ಸಲ ಉಜ್ಜಿ, ಸಲೀಸಾಗುತ್ತೆ.

ಕುರಿ ತೊಗಲಿನ ಜಾಕೆಟ್ ಕೆಲವೇ ದಿನದಲ್ಲಿ ಒಗ್ಗುತ್ತೆ. ಮೇಕೆಯದ್ದು ಸ್ವಲ್ಪ ಹೆಚ್ಚು ದಿನ. ದನ, ಎಮ್ಮೆಯ ದಪ್ಪ ತೊಗಲಿನದ್ದಾದರೆ ತಿಂಗಳುಗಟ್ಟಲೆ ಹಿಡಿಯಬಹುದು. ನಮ್ಮ ಕೇಳುಗರ ಜಾಕೆಟ್ ಎರಡೂವರೆ ಕೆ.ಜಿ. ತೂಗುತ್ತಂತೆ, ಹಾಗಾಗಿ ದಪ್ಪದ್ದೇ ಇರಬೇಕು. ತಾಳ್ಮೆ ಬೇಕು.

ಬೈಕಿಗೆ ಅಂತ ತಗೊಂಡವರಿಗೆ ಒಂದು ಮಾತು

ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಫ್ಯಾಷನ್ ಜಾಕೆಟ್ ಬೇರೆ, ರೈಡಿಂಗ್ ಜಾಕೆಟ್ ಬೇರೆ. ಫ್ಯಾಷನ್ ಜಾಕೆಟ್ಟಿನ ತೊಗಲು ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತೆ. ರೈಡಿಂಗ್ ಜಾಕೆಟ್ಟಿನದು ಒಂದಕ್ಕಿಂತ ದಪ್ಪ, ಭುಜ ಮತ್ತು ಮೊಣಕೈಗೆ ಪ್ಯಾಡ್, ಬೆನ್ನಿಗೂ ಪ್ಯಾಡ್ ಹಾಕೋ ಜಾಗ, ಆ ಪ್ಯಾಡಿನ ಮೇಲೆ ಸಿ.ಇ. ಗುರುತು ಇರುತ್ತೆ. ಬಿದ್ದಾಗ ಡಾಂಬರಿನ ಮೇಲೆ ಜಾರುವ ಆ ಕೆಲವು ಸೆಕೆಂಡು ಚರ್ಮ ಉಳಿಸೋದು ಆ ದಪ್ಪ, ಮೂಳೆ ಉಳಿಸೋದು ಆ ಪ್ಯಾಡ್. ರೈಡಿಂಗ್ ಜಾಕೆಟ್ ಸ್ವಲ್ಪ ಬಿಗಿಯಾಗೇ ಇರಬೇಕು, ಪ್ಯಾಡ್ ಮೊಣಕೈ ಬಿಟ್ಟು ಸರಿಯಬಾರದು. ಮೆತ್ತಗೆ ಮಾಡೋ ಭರದಲ್ಲಿ ಪ್ಯಾಡ್ ತೆಗೆದಿಟ್ಟು ಓಡಿಸಬೇಡಿ. ಯಾವ ಜಾಕೆಟ್ಟೂ ಹೆಲ್ಮೆಟ್ಟಿಗೆ ಬದಲಿ ಅಲ್ಲ. ಕಪ್ಪು ಜಾಕೆಟ್ ಹಾಕಿದವರು ರಾತ್ರಿ ಲಾರಿ ಡ್ರೈವರಿಗೆ ಕಾಣೋದೂ ಕಷ್ಟ. ಬೆನ್ನಿಗೆ ಹೊಳೆಯೋ ಪಟ್ಟಿ ಇರೋ ಒಂದು ಜಾಲರಿ ಅಂಗಿ ಮೇಲೆ ಹಾಕ್ಕೊಳ್ಳಿ.

ಆಮೇಲಿನ ಆರೈಕೆ, ಮತ್ತು ಒಂದು ಲೆಕ್ಕ

ಮಳೆಯಲ್ಲಿ ನೆನೆದರೆ ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಗೆ ಬಿಡಿ. ಒಲೆ ಹತ್ತಿರ ಬೇಡ. ಬೆವರಿನ ಉಪ್ಪು ತೊಗಲಿಗೆ ಶತ್ರು. ಕಾಲರ್, ಮಣಿಕಟ್ಟಿನ ಒಳಭಾಗವನ್ನ ಹಿಂಡಿದ ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿ. ಬೇಸಿಗೆಯಲ್ಲಿ ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಮಳೆಗಾಲ ಬಂದಾಗ ಒಳಗೆ ಬೂಷ್ಟು ಹಿಡಿಯುತ್ತೆ. ಹಳೇ ಪಂಚೆ ಹೊದಿಸಿದರೆ ಗಾಳಿಯಾಡುತ್ತೆ, ಧೂಳೂ ಕೂರಲ್ಲ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ಲೆಕ್ಕ ಹಾಕದೆ ಬಿಡಲ್ಲ. ಜಾಕೆಟ್ಟಿಗೆ 10,000 ರೂಪಾಯಿ ಅಂದುಕೊಳ್ಳಿ. ಚಳಿಗಾಲದಲ್ಲಿ ವರ್ಷಕ್ಕೆ 80 ದಿನ ಹಾಕ್ಕೊಂಡು ಹತ್ತು ವರ್ಷ ಬಾಳಿದರೆ ಒಂದು ದಿನಕ್ಕೆ ಹನ್ನೆರಡೂವರೆ ರೂಪಾಯಿ. ಒಂದು ಚಹಾದ ಬೆಲೆ. ಅದೇ ಜಾಕೆಟ್ ಬಿಸಿನೀರಿಗೆ ಹಾಕಿ ಮೊದಲ ವರ್ಷವೇ ಕೆಟ್ಟರೆ ದಿನಕ್ಕೆ 125 ರೂಪಾಯಿ. ಎರಡು ವಾರದ ತಾಳ್ಮೆಯ ಬೆಲೆ ಇಷ್ಟು.

ಈ ಮೆತ್ತನೆಗೆ ಬೇರೆಯವರು ಕೊಟ್ಟ ಬೆಲೆ

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಿ ಮುಗಿಸ್ತೀನಿ. ಕ್ರೋಮ್ ಹದ ತೊಗಲನ್ನ ಬೇಗ ಮೆತ್ತಗೆ ಮಾಡಿತು, ಆದರೆ ಅದರ ಕೊಳೆನೀರು ಎಲ್ಲೋ ಹೋಗಲೇಬೇಕಲ್ಲ. ನಮ್ಮ ಕೋಲಾರದ ಸೀಮೆಯಿಂದ ಹರಿದು ತಮಿಳುನಾಡಿಗೆ ಹೋಗೋ ಪಾಲಾರ್ ನದಿಯ ದಂಡೆಯಲ್ಲಿ, ವೆಲ್ಲೂರು ಸುತ್ತಮುತ್ತ, ಚರ್ಮ ಕಾರ್ಖಾನೆಗಳ ನೀರು ಬಾವಿಗಳನ್ನೂ ಹೊಲಗಳನ್ನೂ ಕೆಡಿಸಿತು. ವೆಲ್ಲೂರಿನ ನಾಗರಿಕರ ವೇದಿಕೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಬಂದ ಆ ತೀರ್ಪು, ಕೆಡಿಸಿದವನೇ ಬೆಲೆ ತೆರಬೇಕು ಅನ್ನೋ ತತ್ವವನ್ನ ಈ ದೇಶದ ಕಾನೂನಿನ ಭಾಗ ಅಂತ ಸಾರಿತು. ಜಾಕೆಟ್ ಹತ್ತು ವರ್ಷ ಬಾಳಿಸಿದರೆ ಇನ್ನೊಂದು ಜಾಕೆಟ್ಟಿನ ಕೊಳೆನೀರು ಉಳಿಯುತ್ತೆ ಅನ್ನೋದು ಸಣ್ಣ ಮಾತೇನಲ್ಲ.

ತೊಗಟೆ ಹದದ ಕಡೆ ಬನ್ನಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೂ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಥರದ ಚಪ್ಪಲಿ ತೋರಿಸಿದಾಗ ಎಲ್ಲಿಯದು ಅನ್ನೋ ಮಾತೇ ಇರಲಿಲ್ಲ. ಗಲಾಟೆಯಾದ ಮೇಲೆ ಭಾರತದ ಕೈಕಸುಬಿನಿಂದ ಪಡೆದದ್ದು ಅಂತ ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ ಎರಡು ಸಾವಿರ ಜೋಡಿ ಮಾಡಿಸ್ತೀವಿ, ಒಂದು ಜೋಡಿಗೆ ಸುಮಾರು 800 ಯೂರೊ ಅಂದ್ರು. ಅಷ್ಟು ಬೆಲೆಯ ಚಪ್ಪಲಿಯ ಕಸುಬು ಮಾಡೋರನ್ನ ನಾವು ಊರಲ್ಲಿ ಏನಂತ ಕರೀತಾ ಬಂದಿದ್ದೇವೆ ಯೋಚಿಸಿ. ತೊಗಲು ಮುಟ್ಟಿದರು ಅಂತ ದೂರ ಇಟ್ಟೆವು, ಅದೇ ತೊಗಲನ್ನ ಮೆಟ್ಟಿದೆವು, ಬಾರಿಸಿದೆವು, ಅದರಲ್ಲಿ ನೀರೆತ್ತಿ ಬೆಳೆ ಬೆಳೆದೆವು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಸಮಗಾರ ಹರಳಯ್ಯನವರನ್ನ, ಡೋಹರ ಕಕ್ಕಯ್ಯನವರನ್ನ ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ನಾವು ಇನ್ನೂ ಅವರ ಹೆಸರಿನ ಜಯಂತಿಯಷ್ಟಕ್ಕೇ ನಿಂತಿದ್ದೇವೆ.

ಹಾಗಾಗಿ ನಮ್ಮ ಕೇಳುಗರಿಗೆ ನನ್ನ ಕೊನೆಯ ಸಲಹೆ. ಅಣ್ಣಾ, ಬಿಸಿನೀರಿನ ಹಂಡೆ ಆರಿಸಿ. ಎರಡು ವಾರ ಸಂಜೆ ಹೊತ್ತು ಹಾಕ್ಕೊಂಡು ಮನೆಯಲ್ಲೇ ಅಡ್ಡಾಡಿ. ಅಮ್ಮನ ಎಣ್ಣೆಯನ್ನ ಚಪ್ಪಲಿಗೆ ಹಚ್ಚಿ, ಅವರ ಮಾತು ಉಳಿಸಿದಂಗೂ ಆಗುತ್ತೆ. ಮುಂದೆ ಜಿಪ್ ಕಿತ್ತರೆ, ಹೊಲಿಗೆ ಬಿಟ್ಟರೆ ಹೊಸದು ತಗೊಳ್ಳೋಕೆ ಓಡಬೇಡಿ. ನಿಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಸೂಜಿ ದಾರ ಹಿಡಿದು ಕೂತಿರೋ ಹಿರಿಯರ ಹತ್ತಿರ ಹೋಗಿ, ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ.

ನಿಮ್ಮ ಮನೆಯಲ್ಲಿ ಹೊಸ ಚಪ್ಪಲಿ ಕಚ್ಚದಿರೋಕೆ ಏನು ಮಾಡ್ತಿದ್ರು ಅನ್ನೋದನ್ನ ಧ್ವನಿ ಸಂದೇಶದಲ್ಲಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿಯವರೆಗೆ, ರಾತ್ರಿ ಓಡಿಸೋರು ನಿಧಾನಕ್ಕೆ ಓಡಿಸಿ.